ಒಂಬತ್ತು ದಿನದ ಸಾಲ

ನಮ್ಮತ್ತೆ ಬ್ಯಾಂಕಿನಿಂದ ಪಡೆದ ಮೊದಲ ಸಾಲವನ್ನು ಒಂಬತ್ತನೇ ದಿನಕ್ಕೆ ತೀರಿಸಿಬಿಟ್ಟಳು. ಆರು ತಿಂಗಳಲ್ಲಿ ಆರು ಕಂತಾಗಿ ಕಟ್ಟಬೇಕಿದ್ದ ಸಾಲ ಅದು. ತೀರಿಸಿದವಳೇ ಬ್ಯಾಂಕಿನ ಮೆಟ್ಟಿಲಿಳಿದು, ರಸ್ತೆ ದಾಟಿ, ಎದುರಿಗಿರುವ ನನ್ನ ಜೆರಾಕ್ಸ್ ಅಂಗಡಿಗೆ ಬಂದು, ಇಡೀ ತರಗತಿಗೇ ಮೊದಲು ಬಂದವಳ ಹಾಗೆ ಮುಖ ಅರಳಿಸಿಕೊಂಡು ನಿಂತಳು.

"ಮುಗೀತು ಕಣೇ! ಪೂರ್ತಿ ಕಟ್ಟಿಬಿಟ್ಟೆ. ಬಡ್ಡಿ ಎಪ್ಪತ್ನಾಲ್ಕು ಅಂದ್ರು. ಎಪ್ಪತ್ತೈದು ಕೊಟ್ಟು, ಚಿಲ್ಲರೆ ನೀವೇ ಇಟ್ಕೊಳ್ಳಿ ಅಂದೆ."

ಯಾರದೋ ಜಮೀನಿನ ಪತ್ರ ಯಂತ್ರದೊಳಗೆ ಅರ್ಧ ಹೋಗಿತ್ತು. ಅದನ್ನು ಅಲ್ಲೇ ಬಿಟ್ಟು, ತಲೆಯ ಮೇಲೆ ಕೈ ಹೊತ್ತುಕೊಂಡು ಸ್ಟೂಲಿನ ಮೇಲೆ ಕುಸಿದೆ. ಆ ಸಾಲಕ್ಕಾಗಿ ನಾನು ಇಪ್ಪತ್ತಮೂರು ಹಾಳೆ ಜೆರಾಕ್ಸ್ ಮಾಡಿಕೊಟ್ಟಿದ್ದೆ, ಅದೂ ಪುಕ್ಕಟೆ.

"ಅತ್ತೇ, ನಿನಗೆ ತಲೆ ನೆಟ್ಟಗಿದೆಯಾ?"

"ಸಾಲ ತೀರಿಸಿದ್ದಕ್ಕೆ ಬೈತೀಯಾ? ಲೋಕದಲ್ಲಿ ಎಲ್ಲಾದ್ರೂ ಇದೆಯಾ ಇದು?"

ಲೋಕದಲ್ಲಿ ಇಲ್ಲ, ನಿಜ. ಆದರೆ ನಮ್ಮತ್ತೆಯಂಥವಳೂ ಲೋಕದಲ್ಲಿ ಇನ್ನೊಬ್ಬಳಿಲ್ಲ. ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಅವಳು ನನ್ನ ಅಪ್ಪನ ತಂಗಿ. ವಯಸ್ಸು ಐವತ್ತೆರಡು. ಮಾವನ ಜೊತೆ ಮುಕ್ಕಾಲು ಎಕರೆಯಲ್ಲಿ ತರಕಾರಿ ಸಸಿ ಬೆಳೆಸಿ ಸುತ್ತಲಿನ ರೈತರಿಗೆ ಮಾರುವುದು ಅವಳ ಕಸುಬು. ಕಪ್ಪು ಟ್ರೇಗಳ ಒಂದೊಂದು ಗುಳಿಗೂ ತೆಂಗಿನ ನಾರಿನ ಪುಡಿ ತುಂಬಿ, ಒಂದೊಂದೇ ಬೀಜ ಇಟ್ಟು, ಕಿರುಬೆರಳ ಉಗುರಿನಿಂದ ಒತ್ತುತ್ತಾಳೆ. ಬೇರೆ ಬೆರಳಿನಿಂದ ಒತ್ತಿದರೆ ಬೀಜ ಆಳಕ್ಕೆ ಹೋಗುತ್ತದಂತೆ. ನೂರು ಬೀಜ ಇಟ್ಟರೆ ತೊಂಬತ್ತೈದಾದರೂ ಮೊಳೆಯುತ್ತವೆ. ಇಷ್ಟು ಕೈಗುಣವಿದ್ದರೂ ಸಸಿಗಳಿಗೆ ನೆರಳೆಂದರೆ ಗಳುಗಳ ಮೇಲೆ ಕಟ್ಟಿದ ಹಳೆಯ ಹಾಸಿಗೆ ಹೊದಿಕೆಗಳು! ನೀಲಿ ಹೂವಿನದೊಂದು, ಪಟ್ಟೆ ಪಟ್ಟೆಯದೊಂದು, ಮಾವ ಮದುವೆಯಾದ ಹೊಸದರಲ್ಲಿ ಕೊಂಡದ್ದೊಂದು. ಗಾಳಿ ಬಂದರೆ ಇಬ್ಬರೂ ಅವುಗಳ ಹಿಂದೆ ಓಡಬೇಕು.

ಸಾಲವೆಂದರೆ ಅತ್ತೆಗೆ ಯಾಕಷ್ಟು ಭಯ ಎಂದರೆ, ಅದಕ್ಕೊಂದು ಗುದ್ದಲಿಯ ಕತೆಯಿದೆ. ಅವಳಿಗೆ ಹತ್ತು ವರ್ಷವಿದ್ದಾಗ ನಮ್ಮ ತಾತ ಪಕ್ಕದ ಮನೆಯಿಂದ ಗುದ್ದಲಿ ತಂದು ಹಿಂದಿರುಗಿಸುವುದನ್ನು ಮರೆತಿದ್ದರು. ಮೂರನೇ ದಿನ ಆ ಮನೆಯಾತ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ತಾತ ತಲೆ ತಗ್ಗಿಸಿ ಗುದ್ದಲಿ ಕೊಟ್ಟದ್ದನ್ನು ಅತ್ತೆ ಬಾಗಿಲ ಸಂದಿಯಿಂದ ನೋಡಿದ್ದಳು. ಅಂದಿನಿಂದ ಪಕ್ಕದ ಮನೆಯ ಒಂದು ಲೋಟ ಸಕ್ಕರೆ ಕೂಡ ಅವಳ ಮನೆಯಲ್ಲಿ ರಾತ್ರಿ ಕಳೆದದ್ದಿಲ್ಲ. ಬೀಜದಂಗಡಿಯ ಯಜಮಾನ ಅವಳಿಗೆ 'ನಗದಮ್ಮ' ಎಂದೇ ಹೆಸರಿಟ್ಟಿದ್ದ. ಊರಿನ ರೈತರೆಲ್ಲ ಅವನ ಅಂಗಡಿಯಲ್ಲಿ ಸಾಲ ಬರೆಸಿ ಒಯ್ದರೆ ಇವಳು ಮೊದಲು ನೋಟು ಎಣಿಸಿ ಮೇಜಿನ ಮೇಲಿಟ್ಟು, ಆಮೇಲೆ ಬೀಜ ಕೇಳುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತನ್ನು ನಮ್ಮ ಮನೆಯಲ್ಲಿ ಅವಳಷ್ಟು ಸಲ ಹೇಳಿದವರಿಲ್ಲ. ನನಗಂತೂ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಇಂಥವಳ ಮುಂದೆ ಒಂದು ದಿನ ಅವಕಾಶ ತಾನಾಗಿ ಬಂದು ನಿಂತಿತು. ತರಕಾರಿ ಬೆಳೆಗಾರರ ಸಂಘದವರು ಪ್ರತಿ ಹಂಗಾಮಿಗೆ ಎರಡು ಲಕ್ಷ ಸಸಿ ಬೇಕೆಂದರು. ಮೂರು ವರ್ಷದ ಒಪ್ಪಂದ, ಒಳ್ಳೆಯ ದರ. ಷರತ್ತು ಒಂದೇ: ಸಸಿ ಬಯಲಲ್ಲಿ ಬೆಳೆಯಬಾರದು, ನೆರಳುಮನೆಯಲ್ಲಿ ಬೆಳೆಯಬೇಕು. ಅಂದರೆ ಕಬ್ಬಿಣದ ಕಂಬ ನೆಟ್ಟು, ಮೇಲೆ ನೆರಳಿನ ಬಲೆ, ಸುತ್ತ ಕೀಟ ತಡೆಯುವ ಬಲೆ. ಏಳು ತಿಂಗಳ ನಂತರ ಸಂಘದ ಮೇಲ್ವಿಚಾರಕ ಬಂದು ನೋಡುವಾಗ ಅದು ನಿಂತಿರಬೇಕು. ಇಲ್ಲದಿದ್ದರೆ ಒಪ್ಪಂದ ಬೇರೆಯವರಿಗೆ.

ಖರ್ಚು ಎರಡು ಲಕ್ಷದ ಅರವತ್ತು ಸಾವಿರ. ಅತ್ತೆಯ ಹತ್ತಿರ ಇದ್ದದ್ದು ಅರವತ್ತು ಸಾವಿರ. ಬೀಜದಂಗಡಿಯವನು ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಂತೆ ಸಾಲ ಕೊಡುತ್ತೇನೆಂದ. ಲೆಕ್ಕ ಹಾಕಿದ ಅತ್ತೆ, "ಮೂರು ವರ್ಷ ದುಡಿದು ನಿನ್ನ ಹೊಟ್ಟೆ ತುಂಬಿಸೋದಕ್ಕೆ ನಾನೇನು ನಿಮ್ಮಮ್ಮನಾ?" ಎಂದು ಎದ್ದು ಬಂದಳು. ನಾನು ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬ್ಯಾಂಕಿಗೆ ಹೋದೆ.

ಮ್ಯಾನೇಜರ್ ಮೇಡಂ ಸಣ್ಣ ವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವವರು. ಕಂಪ್ಯೂಟರ್ ನೋಡಿ, "ಅಮ್ಮಾ, ನಿಮ್ಮ ಹೆಸರಲ್ಲಿ ಇವತ್ತಿನವರೆಗೆ ಒಂದೂ ಸಾಲ ಇಲ್ಲ" ಅಂದರು.

ಅತ್ತೆ ಉಬ್ಬಿಹೋದಳು. "ಒಂದು ಕಾಸೂ ಇಲ್ಲ ಮೇಡಂ! ಬೇಕಾದ್ರೆ ಊರಲ್ಲಿ ಯಾರನ್ನಾದ್ರೂ ಕೇಳಿ."

"ಅದೇ ತೊಂದರೆ ಆಗಿರೋದು."

"ಹಾಂ?"

"ಸಾಲ ತಗೊಂಡು ತೀರಿಸಿದ ದಾಖಲೆ ಇದ್ರೆ ತಾನೇ ದೊಡ್ಡ ಸಾಲ ಕೊಡೋಕಾಗೋದು? ನೀವು ತೀರಿಸ್ತೀರಿ ಅಂತ ನಮ್ಮ ಮೇಲಿನವರಿಗೆ ಹೇಗೆ ಗೊತ್ತಾಗಬೇಕು?"

ನಲವತ್ತು ವರ್ಷ ಎದೆಯ ಮೇಲೆ ಪದಕದಂತೆ ಹೊತ್ತುಕೊಂಡು ತಿರುಗಿದ್ದನ್ನೇ ಈ ಹುಡುಗಿ ತಪ್ಪು ಅನ್ನುತ್ತಿದ್ದಾಳಲ್ಲ ಎಂದು ಅತ್ತೆ ನನ್ನ ಮುಖ ನೋಡಿದಳು. ನಾನು ಸೀಲಿಂಗ್ ಫ್ಯಾನ್ ನೋಡಿದೆ. ಕೊನೆಗೆ ಮೇಡಮ್ಮೇ ದಾರಿ ತೋರಿಸಿದರು. ಮೊದಲು ಮೂವತ್ತು ಸಾವಿರದ ಸಣ್ಣ ಸಾಲ. ಆರು ಕಂತನ್ನು ಹೇಳಿದ ದಿನಕ್ಕೆ ಸರಿಯಾಗಿ ಕಟ್ಟಿದರೆ ನೆರಳುಮನೆಯ ಎರಡು ಲಕ್ಷ. ಆರು ತಿಂಗಳಿಗೆ ಕಂತು ಮುಗಿಯುತ್ತದೆ, ಉಳಿದ ಒಂದು ತಿಂಗಳಲ್ಲಿ ಕಂಬ ನಿಲ್ಲುತ್ತದೆ. ಕೂದಲೆಳೆಯಷ್ಟೂ ಪುರಸೊತ್ತಿಲ್ಲ, ಆದರೂ ಆಗುತ್ತದೆ!

ಆ ಮೂವತ್ತು ಸಾವಿರವನ್ನೇ ಅತ್ತೆ ಒಂಬತ್ತು ದಿನ ಹಿಟ್ಟಿನ ಡಬ್ಬದಲ್ಲಿಟ್ಟು, ಒಂದು ನೋಟನ್ನೂ ಮುಟ್ಟದೆ, ಹಿಡಿದುಕೊಂಡು ಹೋಗಿ ಕಟ್ಟಿ ಬಂದದ್ದು. ಊಟ ಸೇರುತ್ತಿರಲಿಲ್ಲವಂತೆ. ಬಾಗಿಲು ಸದ್ದಾದರೆ ಬೆಚ್ಚುತ್ತಿದ್ದಳಂತೆ. ಸಾಲ ಬೇಗ ತೀರಿಸಿದರೆ ಬ್ಯಾಂಕಿನವರು ಮೆಚ್ಚಿ ಕೈ ಮುಗಿಯುತ್ತಾರೆಂದು ನಂಬಿದ್ದಳು, ಪಾಪ!

ನಾನು ಅವಳನ್ನು ಮತ್ತೆ ಮೆಟ್ಟಿಲು ಹತ್ತಿಸಿದೆ. ಮೇಡಂ ಹಣೆ ಹಣೆ ಚಚ್ಚಿಕೊಂಡರು. ಒಂದೂ ಕಂತು ಕಟ್ಟದೆ ಖಾತೆ ಮುಚ್ಚಿಹೋಗಿತ್ತು. "ಅಮ್ಮಾ, ಓಟದ ಪಂದ್ಯದಲ್ಲಿ ಓಡದೇನೇ ಮನೆಗೆ ಹೋದ ಹಾಗಾಯ್ತು ಇದು!" ಹೊಸದಾಗಿ ಅರ್ಜಿ ಹಾಕಿ, ಆರು ಕಂತು ಕಟ್ಟಿ, ನೆರಳುಮನೆ ನಿಲ್ಲಿಸುವಷ್ಟರಲ್ಲಿ ಮೇಲ್ವಿಚಾರಕ ಬಂದು ಹೋಗಿರುತ್ತಿದ್ದ. ಅತ್ತೆಗೆ ಆಗ ಅರ್ಥವಾಯಿತು. ಅರಳಿದ ಮುಖ ಹಾಗೇ ಬಾಡಿತು.

ಇನ್ನೊಂದು ದಾರಿಯಿತ್ತು. ಐದು ಜನ ಹೆಂಗಸರು ಸೇರಿ, ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಪಡೆಯುವ ಗುಂಪುಗಳಿರುತ್ತವಲ್ಲ, ಅಂಥ ಗುಂಪೊಂದರಲ್ಲಿ ಒಂದು ಜಾಗ ಖಾಲಿಯಿತ್ತು. ಮುಖಂಡಳು ಹಾಲಿನಕ್ಕ, ಎರಡು ಹಸು ಸಾಕಿ ಮೊಪೆಡ್ಡಿನಲ್ಲಿ ಮನೆಮನೆಗೆ ಹಾಲು ಹಾಕುವವಳು. ಮೂರು ವರ್ಷದಿಂದ ಆ ಗುಂಪು ಒಂದು ಕಂತೂ ತಪ್ಪಿಸಿರಲಿಲ್ಲ. ಅಂಥ ಗುಂಪಿನ ಸಾಲ ತೀರಲು ಒಂದು ವರ್ಷ ಹಿಡಿದರೂ, ದೊಡ್ಡ ಸಾಲ ಮಂಜೂರಾಗಲು ಆರರ ಬದಲು ಮೊದಲ ಮೂರು ಕಂತು ಸರಿಯಾಗಿ ಕಟ್ಟಿದರೆ ಸಾಕು ಎಂದರು ಮೇಡಂ. ನಾನು ಕುಣಿದಾಡುವುದೊಂದು ಬಾಕಿ.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಯಾರಾದ್ರೂ ಕಟ್ಟದೇ ಹೋದ್ರೆ?"

"ಉಳಿದ ನಾಲ್ಕು ಜನ ಸೇರಿ ಕಟ್ಟಬೇಕು."

"ಅವರದ್ದು ನಾನು ಕಟ್ತೀನಿ, ಅದಕ್ಕೇನಂತೆ. ನಂದನ್ನ ಅವರು ಕಟ್ಟೋದು ಬೇಡ."

ಈ ಒಂದು ಬೇಡ ಹೇಳಿಕೊಂಡೇ ಮಹಾತಾಯಿ ಎರಡು ತಿಂಗಳು ಹಾಳು ಮಾಡಿದಳು. ನಾನು ಕಾಡಿದೆ, ಬೇಡಿದೆ, ಜಗಳವಾಡಿದೆ. ಒಂದು ವಾರ ಮಾತು ಬಿಟ್ಟೆ. ಯಾವತ್ತೂ ಬಾಯಿಬಿಡದ ಮಾವ ಒಂದು ಬೆಳಿಗ್ಗೆ ಗಾಳಿಗೆ ಹಾರಿದ ಪಟ್ಟೆ ಹೊದಿಕೆಯನ್ನು ಬೇಲಿಯಿಂದ ಬಿಡಿಸುತ್ತ, "ನನಗೆ ಇನ್ನು ಓಡೋಕಾಗಲ್ಲ ಕಣೇ" ಅಂದನಂತೆ. ಆ ಸಂಜೆಯೇ ಅತ್ತೆ ಹಾಲಿನಕ್ಕನ ಮನೆಗೆ ಹೋಗಿ ಗುಂಪಿನ ಪುಸ್ತಕಕ್ಕೆ ಸಹಿ ಹಾಕಿದಳು.

ಈ ಸಲ ಸಾಲದ ಹಣ ಡಬ್ಬ ಸೇರಲಿಲ್ಲ. ಸಿಕ್ಕ ದಿನವೇ ಟ್ರೇ, ನಾರಿನ ಪುಡಿ, ಮೆಣಸಿನ ಬೀಜ ಎಲ್ಲ ಕೊಡಿಸಿ, ಅವಳ ಕೈ ಖಾಲಿ ಮಾಡಿಯೇ ನಾನು ಮನೆಗೆ ಹೋದದ್ದು. ಅವಳ ಅರವತ್ತು ಸಾವಿರವೂ ನೆರಳುಮನೆಯ ಮುಂಗಡವಾಗಿ ಬ್ಯಾಂಕಿನಲ್ಲೇ ಕೂತಿತು, ಮುಟ್ಟುವ ಹಾಗಿರಲಿಲ್ಲ. ಕಂತು ತಿಂಗಳಿಗೆ ಎರಡು ಸಾವಿರದ ಏಳುನೂರು. ಮೊದಲ ಕಂತಿನ ದಿನ ಬ್ಯಾಂಕ್ ತೆರೆಯುವ ಒಂದೂವರೆ ಗಂಟೆ ಮೊದಲೇ ಶಟರಿನ ಮುಂದೆ ನಿಂತಿದ್ದಳು. ಕಾವಲುಗಾರ ಇವಳಿಗೆ ಕುರ್ಚಿ ತಂದುಕೊಟ್ಟ. ಎರಡನೇ ಕಂತಿಗೂ ಹಾಗೇ. ರಸೀದಿ ತಂದು ನನ್ನ ಮುಂದೆ ಹಿಡಿದು, "ಎರಡಾಯ್ತು! ಇನ್ನೊಂದೇ!" ಅಂದಳು. ಆ ರಸೀದಿಗಳನ್ನು ಅವಳು ಎರಡೆರಡು ಪ್ರತಿ ಜೆರಾಕ್ಸ್ ಮಾಡಿಸಿಕೊಂಡಳು. ಅದಕ್ಕೆ ಮಾತ್ರ ದುಡ್ಡು ಕೊಟ್ಟಳು, ನಗದು.

ಮೂರನೇ ಕಂತಿನ ದಿನ ಹತ್ತು ಗಂಟೆಯಾಯಿತು, ಅತ್ತೆ ಇಲ್ಲ. ಹನ್ನೆರಡಾಯಿತು, ಇಲ್ಲ. ಫೋನ್ ಎತ್ತಲಿಲ್ಲ. ಹಣ ಕಟ್ಟುವ ಕೌಂಟರ್ ಮುಚ್ಚುವುದು ನಾಲ್ಕಕ್ಕೆ. ಮೂರು ಗಂಟೆಗೆ ಬಂದಳು. ಬ್ಯಾಂಕಿಗಲ್ಲ, ನನ್ನ ಅಂಗಡಿಗೆ. ಕೈಯಲ್ಲಿ ಒಂದು ಬಿಳಿ ಹಾಳೆ.

"ಒಂದು ಅರ್ಜಿ ಬರ್ಕೊಡೇ. ನಾನು ಗುಂಪು ಬಿಡ್ತೀನಿ ಅಂತ."

ನಾಲ್ಕು ದಿನ ಮೋಡ ಕವಿದಿತ್ತಲ್ಲ, ಮೆಣಸಿನ ಸಸಿಗಳ ಬುಡ ಕೊಳೆತು ಮೂವತ್ತು ಟ್ರೇ ಮಲಗಿಬಿಟ್ಟಿದ್ದವು. ಅವನ್ನು ಮಾರಿ ಬರುವ ಹಣದಲ್ಲೇ ಕಂತು ಕಟ್ಟಬೇಕಿತ್ತು. ಕೈಯಲ್ಲಿ ಉಳಿದಿದ್ದು ಒಂಬೈನೂರು. ಹಾಳಾದ ಸಸಿಯನ್ನು ಕಿತ್ತು ಕಿತ್ತು ಅವಳ ಉಗುರೆಲ್ಲ ಕಪ್ಪಾಗಿತ್ತು. "ನನ್ನಿಂದ ಆ ನಾಲ್ಕು ಜನರ ಹೆಸರು ಕೆಡಬಾರದು. ಇವತ್ತೇ ಬಿಟ್ಟುಬಿಟ್ರೆ ನನ್ನ ಪಾಡು ನನಗೆ" ಅಂದಳು.

ನನ್ನ ಡ್ರಾಯರಿನಲ್ಲಿ ಇದ್ದದ್ದು ನಾನೂರ ಹತ್ತು. ಬೆಳಿಗ್ಗೆಯಷ್ಟೇ ಯಂತ್ರದ ಶಾಯಿಪುಡಿ ಕೊಳ್ಳಲು ಹಣವೆಲ್ಲ ಸುರಿದಿದ್ದೆ. ಇದ್ದಷ್ಟನ್ನೂ ಮುಂದಿಟ್ಟರೆ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಾಳೆ ಕಿತ್ತುಕೊಂಡು ಹರಿದು ಬುಟ್ಟಿಗೆ ಹಾಕಿದೆ. ಅವಳು ನೋಡುತ್ತಿದ್ದಂತೆಯೇ ಹಾಲಿನಕ್ಕನಿಗೆ ಫೋನ್ ಮಾಡಿದೆ. ಅತ್ತೆ ನನ್ನ ಕೈಯಿಂದ ಫೋನ್ ಕಸಿಯಲು ಬಂದಳು, ನಾನು ಯಂತ್ರದ ಹಿಂದಕ್ಕೆ ಓಡಿದೆ. ಗಿರಾಕಿಗಳಿಬ್ಬರು ಬಾಯಿ ತೆರೆದು ನಿಂತುಬಿಟ್ಟರು.

ಗಡಿಯಾರ ನೋಡುತ್ತ ನಾನು ಬಾಗಿಲಿಗೂ ಯಂತ್ರಕ್ಕೂ ಓಡಾಡಿದೆ. ಮೂರೂ ಇಪ್ಪತ್ತು. ಮೂರೂವರೆ. ಮೂರೂ ಮೂವತ್ತೆಂಟಕ್ಕೆ ಖಾಲಿ ಕ್ಯಾನುಗಳ ಸದ್ದು ತಿರುವಿನಲ್ಲೇ ಕೇಳಿಸಿತು. ಹಾಲಿನಕ್ಕ ಮೊಪೆಡ್ಡನ್ನು ಅಂಗಡಿಯ ಮೆಟ್ಟಿಲಿಗೇ ತಂದು ನಿಲ್ಲಿಸಿ, ಇಂಜಿನ್ ಕೂಡ ಆರಿಸದೆ ಒಳಗೆ ಬಂದಳು. ದಾರಿಯಲ್ಲಿ ಗುಂಪಿನ ಉಳಿದ ಮೂವರ ಮನೆಗೆ ನುಗ್ಗಿ ವಸೂಲಿ ಮಾಡಿಕೊಂಡೇ ಬಂದಿದ್ದಳು. ಹತ್ತರ, ಇಪ್ಪತ್ತರ, ಐವತ್ತರ ಮುದುರಿದ ನೋಟುಗಳನ್ನು ಯಂತ್ರದ ಮುಚ್ಚಳದ ಮೇಲೆ ಸುರಿದಳು.

"ಸಾವಿರದ ಎಂಟುನೂರು. ತಗೊಂಡು ನಡಿ."

"ಬೇಡ ಅಕ್ಕಾ."

"ಯಾಕೆ?"

"ಇನ್ನೊಬ್ರ ದುಡ್ಡು."

ಹಾಲಿನಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. "ಏನು ಇನ್ನೊಬ್ರು? ಹೋದ ವರ್ಷ ನನ್ನ ಹಸು ಸತ್ತಾಗ ಮೂರು ಕಂತು ಇವರೆಲ್ಲ ಸೇರಿ ಕಟ್ಟಿದ್ರು. ನಾನು ತಗೊಂಡೆ. ಅತ್ತುಕೊಂಡೇ ತಗೊಂಡೆ. ಆಮೇಲೆ ವಾಪಸ್ ಕೊಟ್ಟೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅಂತಾರೆ, ಕೇಳಿಲ್ವಾ ನೀನು? ನಿನಗೊಬ್ಬಳಿಗೇ ಮರ್ಯಾದೆ ಇರೋದು, ನಮಗೆಲ್ಲ ಇಲ್ಲ ಅಂದ್ಕೊಂಡಿದೀಯಾ?"

ಅತ್ತೆಗೆ ಈ ಪ್ರಶ್ನೆ ಯಾರೂ ಯಾವತ್ತೂ ಕೇಳಿರಲಿಲ್ಲ. ಸಾಲ ತೆಗೆದುಕೊಳ್ಳುವವರೆಲ್ಲ ಮಾನ ಕಳೆದುಕೊಂಡವರು ಎಂದು ಇಷ್ಟು ವರ್ಷ ಬಾಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿ ಅಂದುಕೊಂಡೇ ಬದುಕಿದ್ದಳು. ಈಗ ಅಂಥವಳೊಬ್ಬಳು, ಅತ್ತುಕೊಂಡು ತೆಗೆದುಕೊಂಡು ಪೂರ್ತಿ ಹಿಂದಿರುಗಿಸಿದವಳು, ಬೆವರು ಒರೆಸಿಕೊಳ್ಳುತ್ತ ಎದುರಿಗೆ ನಿಂತಿದ್ದಳು. ಅತ್ತೆಯ ಕಣ್ಣಲ್ಲಿ ನೀರು ಬಂತು. ಆ ಕಪ್ಪು ಉಗುರಿನ ಬೆರಳುಗಳು ನಿಧಾನವಾಗಿ ನೋಟುಗಳನ್ನು ಒಟ್ಟುಮಾಡತೊಡಗಿದವು.

"ಅಯ್ಯೋ ಬೇಗ ಅತ್ತೇ! ಅಳೋದು ಆಮೇಲೆ ಅಳು!" ನಾನು ಕಿರುಚಿದೆ. ಮೂರೂ ನಲವತ್ತೊಂಬತ್ತು!

ಅತ್ತೆ ಓಡಿದಳು. ಐವತ್ತೆರಡು ವರ್ಷದ ಹೆಂಗಸು ಚಪ್ಪಲಿಯನ್ನು ನನ್ನ ಅಂಗಡಿಯಲ್ಲೇ ಬಿಟ್ಟು, ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿ ಓಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಹಾಲಿನಕ್ಕ. ಕೌಂಟರಿನ ಮುಂದೆ ಏಳು ಜನರ ಸಾಲು. ಕಾವಲುಗಾರ ನಮ್ಮನ್ನು ನೋಡಿದ, ಗಡಿಯಾರ ನೋಡಿದ, ಬಾಗಿಲು ಅರ್ಧ ಮುಚ್ಚಿ, "ಒಳಗೆ ಬಂದವರು ಬಂದ್ರು, ಅವರದ್ದು ಮುಗಿಯೋವರೆಗೂ ನಾಲ್ಕಾಗಲ್ಲ" ಎಂದು ಜೋರಾಗಿ ಘೋಷಿಸಿದ. ಅವನ ಹೊಟ್ಟೆ ತಣ್ಣಗಿರಲಿ. ಅತ್ತೆಯ ಮುದುರಿದ ನೋಟುಗಳನ್ನು ಕ್ಯಾಷಿಯರ್ ಒಂದೊಂದಾಗಿ ನೇರ ಮಾಡುತ್ತಿದ್ದರೆ ನಾವು ಮೂವರೂ ಅವನ ಜೊತೆಗೇ ಎಣಿಸುತ್ತಿದ್ದೆವು. ಕೊನೆಗೆ ಸೀಲು ಬಿತ್ತು. ಹಾಲಿನಕ್ಕ ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದಳೆಂದರೆ ಮ್ಯಾನೇಜರ್ ಮೇಡಂ ಗಾಬರಿಯಾಗಿ ಕೋಣೆಯಿಂದ ಹೊರಗೆ ಬಂದರು.

ಹದಿನೈದು ದಿನಕ್ಕೆ ಎರಡು ಲಕ್ಷ ಮಂಜೂರಾಯಿತು. ಆಮೇಲಿನ ಮೂರು ವಾರ ನಾವ್ಯಾರೂ ನೆಟ್ಟಗೆ ಕೂತು ಉಂಡದ್ದಿಲ್ಲ. ಕಂಬ ಬಂತು, ಬೋಲ್ಟು ಬರಲಿಲ್ಲ. ಬೋಲ್ಟು ಬಂತು, ಬೆಸುಗೆಯವನು ಬರಲಿಲ್ಲ. ಬಲೆ ಎಳೆಯುವ ದಿನ ಗಾಳಿ ಎದ್ದಿತು. ಗುಂಪಿನ ಹೆಂಗಸರೆಲ್ಲ ಬಂದು ಮೂಲೆಮೂಲೆ ಹಿಡಿದರು. ಮಾವ ಏಣಿಯ ಮೇಲಿಂದ ಹಗ್ಗ ಬಿಗಿದ. ಕೊನೆಯ ಗಂಟು ಬಿದ್ದಾಗ ಕೆಳಗೆ ಹಸಿರು ನೆರಳು ಹರಡಿತು, ಅತ್ತೆ ಅದರೊಳಗೆ ಹೋಗಿ ಸುಮ್ಮನೆ ಒಂದು ಸುತ್ತು ತಿರುಗಿ ಬಂದಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು, ಕುಣಿದೆ ಕೂಡ.

ಮಾರನೆಯ ದಿನವೇ ಸಂಘದ ಮೇಲ್ವಿಚಾರಕ ಬಂದ. ಬಲೆಯ ಕಣ್ಣನ್ನು ಬೆರಳಿಟ್ಟು ನೋಡಿದ. ಕಂಬ ಅಲ್ಲಾಡಿಸಿದ. ಒಳಗೆ ಸಾಲಾಗಿ ಕೂತ ಟ್ರೇಗಳಿಂದ ಒಂದು ಸಸಿ ಎಳೆದು ಬೇರನ್ನು ಕಣ್ಣ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಫಾರಂ ತೆಗೆದು, ಅಂಗೈ ಮೇಲಿಟ್ಟುಕೊಂಡು ಬರೆಯತೊಡಗಿದ. ಅತ್ತೆ, ಮಾವ, ಹಾಲಿನಕ್ಕ, ನಾನು ಸುತ್ತ ನಿಂತಿದ್ದೆವು.

"ಸರಿ, ಎರಡು ಲಕ್ಷ ಸಸಿ ನಿಮಗೇ" ಎಂದ ಅವನು ತಲೆ ಎತ್ತದೆ. ನಾವು ಕೂಗಿಕೊಳ್ಳುವಷ್ಟರಲ್ಲಿ ಕೈ ಎತ್ತಿ ತಡೆದ. "ಇರಿ, ಇನ್ನೊಂದು ಕಾಲಂ ಇದೆ. ಇದನ್ನ ಕಟ್ಟಿಸಿದ್ದು ಸ್ವಂತ ದುಡ್ಡಲ್ಲೋ, ಸಾಲದಲ್ಲೋ?"

ನಾನು ಮೆಲ್ಲಗೆ ಮಾತು ಮರೆಸೋಣವೆಂದು ಮುಂದೆ ಬಂದೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಸಾಲ! ದೊಡ್ಡಕ್ಷರದಲ್ಲಿ ಬರ್ಕೊಳ್ಳಿ" ಅಂದಳು. "ಬ್ಯಾಂಕಿನವರು ಎರಡು ಲಕ್ಷ ನಂಬಿದ್ದಾರೆ ನನ್ನ. ಈ ಹಾಲಿನಕ್ಕ ಸಾವಿರದ ಎಂಟುನೂರು ನಂಬಿದ್ದಾಳೆ. ಅದನ್ನೂ ಬರ್ಕೊಳ್ಳಿ."

ಕಾಲಂನಲ್ಲಿ ಜಾಗವಿಲ್ಲ ಎಂದನಾತ. ಅಂಚಿನಲ್ಲಿ ಬರೆಯಿರಿ ಎಂದ ಅತ್ತೆ, ಅವನು ಬರೆದು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.